ಕೊಟ್ಟು ಉಳಿಸಿಕೊಂಡ ರಾಣಿ

ಯೂರೋಪಿನ ರಾಜಮನೆತನಗಳಲ್ಲಿ ಕನ್ಯೆಯನ್ನು ಪರನಾಡಿನಿಂದ ತರುವುದು ಬಹುಕಾಲದ ರೂಢಿಯಾಗಿದ್ದುದರಿಂದ, ಅರಸನು ತೀರಿಕೊಂಡು ಮಗನಿನ್ನೂ ಪ್ರಾಯಕ್ಕೆ ಬಾರದಿರುವಾಗ ರಾಜ್ಯಭಾರವು ಯಾವ ವಿಧವೆಯ ಕೈಗೆ ಬರುತ್ತಿದ್ದಿತೋ ಆಕೆಯು ಸಾಮಾನ್ಯವಾಗಿ ಆ ನಾಡಿನವಳಲ್ಲದವಳೇ ಆಗಿರುತ್ತಿದ್ದಳು. ಪ್ರಜೆಗಳು ಆಕೆಯ ಮಾತಿನಲ್ಲಿ ಪರಭಾಷೆಯ ಎಳೆತವನ್ನು ಗುರುತಿಸುತ್ತಿದ್ದರು. ಕುಲೀನರು ಆಕೆಯ ಒಂದೊಂದು ಆಜ್ಞೆಯ ಹಿಂದೆಯೂ ತವರುಮನೆಯ ಕೈವಾಡವನ್ನು ಅರಸುತ್ತಿದ್ದರು. ಫ್ರಾನ್ಸಿನಲ್ಲಿ ಇಟಲಿಯ ಕ್ಯಾಥರೀನ್ ದ ಮೆಡಿಚಿಯು ಜೀವಮಾನವೆಲ್ಲ ಈ ಸಂಶಯವನ್ನು ಹೊತ್ತು ನಡೆದಳು. ಅದೇ ಫ್ರಾನ್ಸಿನಲ್ಲಿ ಒಂದು ಶತಮಾನ ಕಳೆಯುವುದರೊಳಗೆ, ಸ್ಪೇನಿನ ದೊರೆ ನಾಲ್ಕನೆಯ ಫಿಲಿಪನ ಅಕ್ಕನಾದ ಆನ್ ರಾಣಿಯು, ಸ್ಪೇನಿನೊಡನೆಯೇ ಕಾದುತ್ತಿದ್ದ ರಾಜ್ಯವನ್ನು ಐದು ತುಂಬದ ಮಗನ ಹೆಸರಿನಲ್ಲಿ ಆಳಬೇಕಾಯಿತು. ಆದರೆ ಫ್ರಾನ್ಸು ಸೋತಿದ್ದರೆ ಗಡಿಯ ಒಂದೆರಡು ಪ್ರಾಂತಗಳು ಕೈಬಿಡುತ್ತಿದ್ದವೇ ಹೊರತು ಫ್ರಾನ್ಸು ಎಂಬುದು ಭೂಪಟದಿಂದ ಅಳಿಸಿಹೋಗುತ್ತಿರಲಿಲ್ಲ. ಅದೇ ಕಾಲದಲ್ಲಿ ಪೋರ್ಚುಗಲ್ಲಿನ ಲುಯಿಸಾ ರಾಣಿಗೆ ಒದಗಿದ ಸ್ಥಿತಿಯು ಇದಕ್ಕಿಂತ ವಿಷಮವಾದದ್ದು. ಆಕೆಯೂ ಸ್ಪೇನಿನ ಮಗಳು. ಆಕೆಯ ರಾಜ್ಯವೂ ಸ್ಪೇನಿನೊಡನೆ ಕಾದುತ್ತಿದ್ದಿತು. ಸೋತರೆ ಮಾತ್ರ ಆ ರಾಜ್ಯವೇ ಇಲ್ಲವಾಗುತ್ತಿದ್ದಿತು.

ಲುಯಿಸಾ ಹುಟ್ಟಿದ್ದು 1613ರಲ್ಲಿ, ಸ್ಪೇನಿನ ದಕ್ಷಿಣ ಕರಾವಳಿಯ ಹುಎಲ್ವಾ ಎಂಬಲ್ಲಿ. ತಂದೆ ಮೆದೀನಾ ಸಿದೋನಿಯಾದ ಎಂಟನೆಯ ಡ್ಯೂಕ್. ಆ ನಾಡಿನ ಸಿರಿವಂತ ಪಾಳೆಯಗಾರರಲ್ಲಿ ಮೊದಲ ಸಾಲಿಗೆ ಸೇರಿದವನು. ಅಮೆರಿಕೆಯ ಬೆಳ್ಳಿಯನ್ನು ಹೊತ್ತು ಬರುವ ಹಡಗುಗಳು ಸೆವಿಲ್ ನಗರವನ್ನು ಸೇರುವ ಮುನ್ನ ಹಾದುಹೋಗಲೇಬೇಕಾಗಿದ್ದ ಸಾನ್‌ಲೂಕರ್ ಎಂಬ ಅಳಿವೆಯ ರೇವು ಆ ಮನೆತನದ ಸ್ವತ್ತಾಗಿದ್ದಿತು. ತಂದೆಯ ತಂದೆಯು 1588ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿಹೋಗಿ ಬಿರುಗಾಳಿಗೂ ಶತ್ರುವಿಗೂ ಸಿಕ್ಕಿ ಛಿದ್ರವಾಗಿ ಮರಳಿದ ಆರ್ಮಡಾ ನೌಕಾಪಡೆಯ ಅಧಿಪತಿ. ತಾಯಿಯ ತಂದೆಯು ಮೂರನೆಯ ಫಿಲಿಪನ ಆಸ್ಥಾನದಲ್ಲಿ ದೊರೆಗಿಂತಲೂ ಮಿಗಿಲಾಗಿ ಮೆರೆದ ಲೆರ್ಮಾದ ಡ್ಯೂಕ್. ಇಂಗ್ಲೆಂಡಿನೊಡನೆ ನೆಂಟಸ್ತನ ಬೆಳೆಸಿ ಸ್ಪೇನನ್ನು ತಡೆದು ನಿಲ್ಲಿಸುವ ಕಾರ್ಯವು ಈ ಇಬ್ಬರ ಮೊಮ್ಮಗಳ ಪಾಲಿಗೆ ಬರುವುದೆಂದು ಆ ತೊಟ್ಟಿಲನ್ನು ತೂಗಿದವರಾರೂ ಎಣಿಸಿರಲಾರರು.

ಆ ಹೊತ್ತಿಗೆ ಪೋರ್ಚುಗಲ್ಲಿಗೆ ಸ್ವಂತ ಅರಸನಿರಲಿಲ್ಲ. ಎಳೆಯ ದೊರೆ ಸೆಬಾಸ್ಟಿಯನನು 1578ರಲ್ಲಿ ಮೊರಾಕ್ಕೋವಿನಲ್ಲಿ ಸೇನೆಯೊಡನೆ ನಾಶವಾದ ಮೇಲೆ, ಆತನ ಬಳಿಕ ಪಟ್ಟವೇರಿದ ಮುದುಕ ಕಾರ್ಡಿನಲ್ಲನೂ 1580ರಲ್ಲಿ ಸಂತಾನವಿಲ್ಲದೆ ಸತ್ತನಾಗಿ, ತಾಯಿಯ ಕಡೆಯ ಹಕ್ಕನ್ನು ಮುಂದೊಡ್ಡಿ ಸ್ಪೇನಿನ ಎರಡನೆಯ ಫಿಲಿಪನು ಆ ಕಿರೀಟವನ್ನೂ ತಲೆಗೇರಿಸಿಕೊಂಡನು. ಅಂದು ಆತನಿಗೆ ಎದುರಾಗಿ ಹಕ್ಕು ಹೂಡಬಹುದಾಗಿದ್ದ ಬ್ರಗಾಂಜಾದ ಮನೆತನವು ವಿಲಾ ವಿಸೋಜಾ ಎಂಬ ಊರಿನ ತನ್ನ ಅಮೃತಶಿಲೆಯ ಅರಮನೆಯಲ್ಲಿ ಬೇಟೆ, ಸಂಗೀತ, ದೇವತಾಕಾರ್ಯಗಳಲ್ಲಿ ಕಾಲಹರಣ ಮಾಡುತ್ತ ಸುಮ್ಮನಿದ್ದಿತು. ಈ ಮೌನವೇ ಮ್ಯಾಡ್ರಿಡ್ಡಿನ ಮಂತ್ರಿಗಳಿಗೆ ಅಂಜಿಕೆಯನ್ನುಂಟುಮಾಡಿತೆಂದರೆ ತಪ್ಪಾಗದು. ನಾಲ್ಕನೆಯ ಫಿಲಿಪನ ಪ್ರಧಾನಮಂತ್ರಿಯೂ ಸ್ವತಃ ಲುಯಿಸಾಳ ಮನೆತನವಾದ ಗುಸ್ಮಾನ್ ವಂಶದ ಕವಲೊಂದರಲ್ಲಿ ಹುಟ್ಟಿದವನೂ ಆದ ಒಲಿವಾರೆಸನು, ಬ್ರಗಾಂಜಾದ ಡ್ಯೂಕನಾದ ಜುವಾಂವನಿಗೆ ತನ್ನ ವಂಶದ ಹೆಣ್ಣನ್ನು ಕೊಟ್ಟರೆ ಆ ಮನೆಯು ಸ್ಪೇನಿಗೆ ಕಟ್ಟುಬಿದ್ದಿರುವುದೆಂದು ಲೆಕ್ಕಹಾಕಿ ಈ ಸಂಬಂಧಕ್ಕೆ ಒತ್ತಾಸೆಯಾಗಿ ನಿಂತನು. 1633ರ ಜನವರಿಯಲ್ಲಿ ಗಡಿಯ ಎಲ್ವಾಸ್ ಪಟ್ಟಣದಲ್ಲಿ ಮದುವೆಯಾಯಿತು. ರಾಜಕಾರಣದಲ್ಲಿ ಮದುವೆಯ ಮೇಲೆ ಹಾಕಿದ ಲೆಕ್ಕವು ಇಷ್ಟು ಸಮೂಲವಾಗಿ ತಪ್ಪಿದ ಉದಾಹರಣೆಗಳು ವಿರಳ.

ಏಳು ವರ್ಷಗಳ ತರುವಾಯ ಕ್ಯಾಟಲೋನಿಯಾ ಪ್ರಾಂತವು ಸ್ಪೇನಿನ ಮೇಲೆ ದಂಗೆಯೆದ್ದಿತು. ಅದನ್ನು ಅಡಗಿಸಲು ಪೋರ್ಚುಗಲ್ಲಿನ ಕುಲೀನರೆಲ್ಲರೂ ಬ್ರಗಾಂಜಾದ ಡ್ಯೂಕನ ಸಹಿತವಾಗಿ ತಂತಮ್ಮ ಆಳುಗಳೊಡನೆ ಹೊರಡತಕ್ಕದ್ದೆಂದು ಒಲಿವಾರೆಸನು ನಿರೂಪ ಕಳುಹಿಸಿದಾಗ, ಅನ್ಯರ ಯುದ್ಧಕ್ಕೆ ಹೋಗಿ ಸಾಯುವುದಕ್ಕಿಂತ ತಮ್ಮದನ್ನೇ ಹೂಡುವುದು ಲೇಸೆಂದು ನಲವತ್ತರಷ್ಟು ಮಂದಿ ಕುಲೀನರು ಗುಟ್ಟಾಗಿ ಕೂಡಿ ಕಿರೀಟವನ್ನು ಜುವಾಂವನಿಗೆ ನೀಡಿದರು. ಆತನು ಹಿಂದೆಮುಂದೆ ನೋಡಿದನು. ಈ ಘಟ್ಟದಲ್ಲಿ ಪೋರ್ಚುಗೀಸರು ಇಂದಿಗೂ ಹೇಳಿಕೊಳ್ಳುವ ಕಥೆಯೊಂದುಂಟು: ಬಾಳೆಲ್ಲ ಡಚೆಸ್ಸಾಗಿರುವುದಕ್ಕಿಂತ ಒಂದು ದಿನ ರಾಣಿಯಾಗಿ ಸಾಯುವುದೇ ಮೇಲೆಂದು ಲುಯಿಸಾ ಗಂಡನಿಗೆ ಬುದ್ಧಿ ಹೇಳಿದಳಂತೆ. ಈ ಮಾತು ಒಂದೊಂದು ಗ್ರಂಥದಲ್ಲಿ ಒಂದೊಂದು ರೂಪವನ್ನು ತಳೆದಿರುವುದನ್ನು ಕಂಡರೆ, ಆಕೆಯು ನುಡಿದುದಕ್ಕಿಂತ ಮುಂದಿನವರು ಆಕೆಯ ಬಾಯಲ್ಲಿ ಇರಿಸಿದುದೇ ಇರಬೇಕೆಂದು ನನಗೆ ತೋರುತ್ತದೆ. ಹಾಗಿದ್ದರೂ ಕಥೆ ಕಟ್ಟಿದವರು ಗಂಡನ ಬಾಯಲ್ಲಿ ಇರಿಸದೆ ಹೆಂಡತಿಯ ಬಾಯಲ್ಲೇ ಇರಿಸಿದರಲ್ಲವೆ? ಆ ದಂಪತಿಗಳಲ್ಲಿ ನಿಶ್ಚಯದ ಬುದ್ಧಿ ಯಾರದೆಂಬುದನ್ನು ಸಮಕಾಲೀನರು ಚೆನ್ನಾಗಿ ಬಲ್ಲವರಾಗಿದ್ದರು.

1640ರ ಡಿಸೆಂಬರ್ 1ರಂದು ಆ ಕುಲೀನರು ಲಿಸ್ಬನ್ನಿನ ಅರಮನೆಗೆ ನುಗ್ಗಿ, ಸ್ಪೇನಿನ ಪಕ್ಷದ ಕಾರ್ಯದರ್ಶಿಯಾದ ವಾಸ್ಕೊನ್ಸೆಲೊಸನನ್ನು ಕೊಂದು ಕಿಟಕಿಯಿಂದ ಕೆಳಕ್ಕೆಸೆದು, ಸ್ಪೇನಿನ ದೊರೆಯ ಪ್ರತಿನಿಧಿಯಾಗಿ ಅಲ್ಲಿದ್ದ ಮಾಂಟುವಾದ ಡಚೆಸ್ಸನ್ನು ಸೆರೆಹಿಡಿದರು. ಅರುವತ್ತು ವರ್ಷಗಳ ಪರಾಧೀನತೆಯು ಒಂದು ಪೂರ್ವಾಹ್ನದಲ್ಲಿ ಮುಗಿಯಿತು. ಮುಗಿಯಿತೆಂಬುದನ್ನು ಸ್ಪೇನಿನಿಂದ ಒಪ್ಪಿಸುವುದಕ್ಕೆ ಮಾತ್ರ ಇಪ್ಪತ್ತೇಳು ವರ್ಷಗಳು ಹಿಡಿದುವು.

ಗುಸ್ಮಾನರ ಮನೆತನವು ಈ ಸಂಬಂಧದಿಂದ ಪಟ್ಟ ಪಾಡು ಒಂದು ಉಪಕಥೆ. ಕೊಂಚ ವಿನೋದಕರವಾದುದು ಕೂಡ. ಲುಯಿಸಾಳ ಸಹೋದರ, ತಂದೆಯ ತರುವಾಯ ಮೆದೀನಾ ಸಿದೋನಿಯಾದ ಡ್ಯೂಕನಾದ ಗಾಸ್ಪಾರನು, ಭಾವನ ಅದೃಷ್ಟವನ್ನು ಕಂಡು ತಾನೂ ಆಂಡಲೂಸಿಯಾದಲ್ಲಿ ಅಂಥದೇ ಒಂದು ಕಾರ್ಯವನ್ನು ನಡೆಸಬಹುದೆಂದು 1641ರಲ್ಲಿ ಒಳಸಂಚು ಹೂಡಿದನು. ಗುಟ್ಟು ಬಯಲಾಯಿತು. ಮ್ಯಾಡ್ರಿಡ್ಡಿಗೆ ಓಡಿಹೋಗಿ ದೊರೆಯ ಕಾಲಿಗೆ ಬಿದ್ದ ಈ ಡ್ಯೂಕನು, ತನ್ನ ಸ್ವಾಮಿನಿಷ್ಠೆಯನ್ನು ಲೋಕಕ್ಕೆ ತೋರಿಸುವುದಕ್ಕಾಗಿ, ಪೋರ್ಚುಗಲ್ಲಿನ ಅರಸನಾದ ತನ್ನ ಸಾಕ್ಷಾತ್ ಭಾವನನ್ನು ದ್ವಂದ್ವಯುದ್ಧಕ್ಕೆ ಕರೆದು ಓಲೆಗಳನ್ನು ಹಂಚಿ, ವಲೆನ್ಸಿಯಾ ದ ಅಲ್ಕಾಂತರಾ ಎಂಬ ಗಡಿಯೂರಿನ ಬಳಿ ಡೇರೆ ಹೊಡೆದು ಬಹುದಿನ ಕಾದನು. ಭಾವನು ಬರಲಿಲ್ಲ, ಬರುವನೆಂದು ಯಾರೂ ನಿರೀಕ್ಷಿಸಿರಲೂ ಇಲ್ಲ. ಸಂಚಿನಲ್ಲಿ ಜೊತೆಗಿದ್ದ ಆಯಮೊಂತೆಯ ಮಾರ್ಕ್ವಿಸನು ಮಾತ್ರ ಕೆಲವು ವರ್ಷಗಳ ಸೆರೆವಾಸದ ಮೇಲೆ ತಲೆಯನ್ನು ಕೊಡಬೇಕಾಯಿತು. ಗುಸ್ಮಾನರು ತಮ್ಮ ಸಾನ್‌ಲೂಕರ್ ರೇವನ್ನು ಕಳೆದುಕೊಂಡರು. ತವರುಮನೆಯ ದಾರಿ ಹೀಗೆ ಮುಚ್ಚಿಹೋದುದು ರಾಜಕಾರ್ಯದ ದೃಷ್ಟಿಯಿಂದ ಲುಯಿಸಾಳಿಗೆ ಒಳ್ಳೆಯದೇ ಆಯಿತು. ಆಕೆಯು ಸ್ಪೇನಿನ ಕಡೆಗೆ ವಾಲುವಳೆಂಬ ಸಂಶಯಕ್ಕೆ ಆಧಾರವಾಗಬಲ್ಲ ಒಂದು ಕಂಬವೂ ಆ ಕಡೆ ಉಳಿಯಲಿಲ್ಲ.

ಜುವಾಂವನು ಹದಿನಾರು ವರ್ಷ ಆಳಿದನು. ಸಂಗೀತದಲ್ಲಿ ಅಸಾಧಾರಣವಾದ ಪರಿಶ್ರಮವಿದ್ದವನು. ಆತನು ಕೂಡಿಸಿದ ಸಂಗೀತಗ್ರಂಥಗಳ ಭಂಡಾರವು ಯೂರೋಪಿನಲ್ಲಿಯೇ ಹಿರಿದಾದವುಗಳಲ್ಲಿ ಒಂದೆನಿಸಿ, 1755ರ ಲಿಸ್ಬನ್ ಭೂಕಂಪದಲ್ಲಿ ನಾಶವಾಯಿತು. 1646ರಲ್ಲಿ ಆತನು ತನ್ನ ಕಿರೀಟವನ್ನು ವಿಲಾ ವಿಸೋಜಾದ ದೇವಮಾತೆಗೆ ಅರ್ಪಿಸಿದನಾಗಿ, ಅಲ್ಲಿಂದ ಮುಂದೆ ಪೋರ್ಚುಗಲ್ಲಿನ ಯಾವ ದೊರೆಯೂ ಕಿರೀಟವನ್ನು ತಲೆಯ ಮೇಲೆ ಇರಿಸಿಕೊಳ್ಳಲಿಲ್ಲ. ಹಿರಿಯ ಮಗ ತೆಯೊದೋಸಿಯೊ ವಿದ್ಯಾವಂತನೂ ಪ್ರಜೆಗಳ ಪ್ರೀತಿಗೆ ಪಾತ್ರನೂ ಆಗಿ ಬೆಳೆದು ಹತ್ತೊಂಬತ್ತರ ಪ್ರಾಯದಲ್ಲಿ, 1653ರಲ್ಲಿ ಕಣ್ಮುಚ್ಚಿದನು. ಅದೇ ವರ್ಷ ಮಗಳೊಬ್ಬಳೂ ತೀರಿಕೊಂಡಳು. ಪಟ್ಟದ ಹಕ್ಕು 1643ರಲ್ಲಿ ಹುಟ್ಟಿದ ಅಫೋನ್ಸೊವಿಗೆ ಬಂದಿತು. ಈ ಬಾಲಕನಿಗೆ ಎಳೆಯತನದಲ್ಲಿಯೇ ತಗುಲಿದ ಒಂದು ಉಗ್ರಜ್ವರದಿಂದ ಬಲಪಾರ್ಶ್ವದ ಸ್ವಾಧೀನ ತಪ್ಪಿದ್ದಿತು. ಬುದ್ಧಿಯೂ ಸ್ವಭಾವವೂ ನೆಟ್ಟಗಿರಲಿಲ್ಲ. ಮಿಕ್ಕವರು ಇಬ್ಬರೇ: 1638ರಲ್ಲಿ ಹುಟ್ಟಿದ ಕ್ಯಾಥರೀನ್, ಎಲ್ಲರಿಗಿಂತ ಕಿರಿಯನಾದ ಪೆದ್ರೊ.

1656ರ ನವೆಂಬರ್ 6ರಂದು ಜುವಾಂವನು ತೀರಿಕೊಂಡನು. ಮಗನು ಪ್ರಾಯಕ್ಕೆ ಬರುವ ತನಕ ರಾಣಿಯೇ ರಾಜ್ಯವನ್ನು ನಡೆಸತಕ್ಕದ್ದೆಂದು ಮರಣಶಾಸನದಲ್ಲಿ ಬರೆದಿದ್ದನು. ಲುಯಿಸಾಳಿಗೆ ಆಗ ನಲವತ್ತಮೂರು ವರ್ಷ.

ಆಕೆಯ ಕೈಗೆ ಬಂದುದು ಎಂಥ ರಾಜ್ಯವೆಂಬುದನ್ನು ತಿಳಿಯಬೇಕಾದರೆ ನಮ್ಮ ಕರಾವಳಿಯಿಂದಲೇ ಅದರತ್ತ ನೋಡಬಹುದು. ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡು, ಕನ್ನಡ ಜಿಲ್ಲೆಗಳ ಅಕ್ಕಿಯನ್ನೂ ಮೆಣಸನ್ನೂ ತಮ್ಮ ಹಡಗುಗಳಿಗೆ ತುಂಬಿಸಿಕೊಳ್ಳುತ್ತಿದ್ದ ಪರಂಗಿಯವರನ್ನು ಕೆಳದಿಯ ಶಿವಪ್ಪನಾಯಕನು 1652ರಿಂದ 1654ರವರೆಗಿನ ಎರಡು ಮೂರು ವರ್ಷಗಳಲ್ಲಿ ಒಂದೊಂದಾಗಿ ಆ ಕೋಟೆಗಳಿಂದ ಹೊರದೂಡಿದ್ದನು. ಗೋವೆಗೆ ಹೊಟ್ಟೆ ಹೊರೆಯುವ ಅಕ್ಕಿ ಇಲ್ಲಿಂದಲೇ ಹೋಗಬೇಕಾಗಿದ್ದುದರಿಂದ ಈ ನಷ್ಟವು ಮಾನದ ನಷ್ಟ ಮಾತ್ರವಾಗಿರಲಿಲ್ಲ. ದಕ್ಷಿಣಕ್ಕೆ ಹೋದರೆ ಸ್ಥಿತಿಯು ಇನ್ನೂ ಶೋಚನೀಯ. ಲುಯಿಸಾ ಅಧಿಕಾರಕ್ಕೆ ಬರುವ ಆರು ತಿಂಗಳ ಹಿಂದೆ ಕೊಲಂಬೊ ಪಟ್ಟಣವು ದೀರ್ಘವಾದ ಮುತ್ತಿಗೆಯ ಬಳಿಕ ಡಚ್ಚರ ವಶವಾಗಿದ್ದಿತು. 1658ರಲ್ಲಿ ಯಾಳ್ಪಾಣವೂ ನಾಗಪಟ್ಟಣವೂ ಅದೇ ದಾರಿ ಹಿಡಿದುವು. ಬ್ರೆಜಿಲ್ಲಿನಲ್ಲಿ ಮಾತ್ರ ಅಲ್ಲಿಯ ಪ್ರಜೆಗಳೇ ಕಾದಾಡಿ 1654ರಲ್ಲಿ ಡಚ್ಚರನ್ನು ರೆಸೀಫೆಯಿಂದ ಓಡಿಸಿದ್ದರು. ಅದರ ಸೇಡಿಗಾಗಿ ಡಚ್ಚರ ನೌಕಾಪಡೆಯು 1657ರಲ್ಲಿ ಲಿಸ್ಬನ್ನಿನ ಬಾಗಿಲಿಗೇ ಬಂದು ನಿಂತಿತು. ಸ್ಪೇನಿನ ಒತ್ತಾಯಕ್ಕೆ ಮಣಿದ ಪೋಪನು ಹೊಸ ವಂಶವನ್ನು ಮಾನ್ಯಮಾಡದೆ ಇದ್ದುದರಿಂದ, ಸತ್ತ ಬಿಷಪ್ಪುಗಳ ಸ್ಥಾನಕ್ಕೆ ಬೇರೆಯವರು ಬಾರದೆ ಬಹುಪಾಲು ಧರ್ಮಪೀಠಗಳು ಬರಿದಾಗಿದ್ದುವು.

ಅರಮನೆಯ ಒಳಗೂ ನೆಮ್ಮದಿಯಿರಲಿಲ್ಲ. ಎಳೆಯ ದೊರೆಯ ಪಾಲಕನಾದ ಒದೆಮಿರಾದ ಕೌಂಟನಿಗೂ, ಹಣಕಾಸಿನಲ್ಲಿಯೂ ಸೇನೆಯಲ್ಲಿಯೂ ಹೆಸರಾಗಿದ್ದ ಕಾಂತನ್ಯೇದೆಯ ಕೌಂಟನಿಗೂ ಹಗೆತನ. ಇಬ್ಬರಲ್ಲಿ ಯಾರನ್ನು ಬಿಟ್ಟರೂ ಆಗದು. ಯಾರೊಬ್ಬನನ್ನು ನೆಚ್ಚಿದರೂ ಕೆಟ್ಟದು. ರಾಣಿಯು ಇಬ್ಬರನ್ನೂ ಉಳಿಸಿಕೊಂಡು, ನಂಬಿಕೆಯ ಕೆಲವರನ್ನು ಅರಮನೆಯಲ್ಲಿ ಇರುಳುಹೊತ್ತು ಕೂಡಿಸಿ ಆಲೋಚಿಸುವ ಒಂದು ಸಭೆಯನ್ನು ಏರ್ಪಡಿಸಿದಳು. ಪೋರ್ಚುಗೀಸರು ಅದನ್ನು ರಾತ್ರಿಯ ಸಭೆಯೆಂದೇ ಕರೆದರು. ಜುವಾಂವನ ಕಾಲದ ಕಾರ್ಯದರ್ಶಿ ಪೆದ್ರೊ ವಿಯೆರಾ ದ ಸಿಲ್ವನು ತನ್ನ ಸ್ಥಾನದಲ್ಲಿಯೇ ಮುಂದುವರಿದನು. ಗಂಡನು ಕಟ್ಟಿದ ಆಡಳಿತಯಂತ್ರವನ್ನು ಕೆಡಿಸದೆ, ಅದರ ಮೇಲೆ ತನ್ನ ಕೈಯನ್ನು ಮಾತ್ರ ಇರಿಸುವುದು ಆಕೆಯ ರೀತಿಯಾಗಿದ್ದಿತು.

ಪೋರ್ಚುಗಲ್ಲಿನ ಸಿಂಹಾಸನದಲ್ಲಿ ಬಾಲಕನೂ ಅದರ ಬಳಿಯಲ್ಲಿ ವಿಧವೆಯೂ ಇರುವುದನ್ನು ಕಂಡು ಸ್ಪೇನು ಹಿಗ್ಗಿತು. ಹದಿನಾರು ವರ್ಷಗಳವರೆಗೆ ಬೇರೆ ಯುದ್ಧಗಳ ನಡುವೆ ಅರೆಮನಸ್ಸಿನಿಂದ ನಡೆಯಿಸಿದ್ದ ಗಡಿಯ ಕಲಹವು ಈಗ ನಿಜವಾದ ಯುದ್ಧವಾಯಿತು. 1657ರಲ್ಲಿ ಓಲಿವೆನ್ಸಾ ಕೋಟೆಯು ಬಿದ್ದಿತು. ಮರುವರ್ಷ ಪೋರ್ಚುಗೀಸರು ಸ್ಪೇನಿನ ಬಾದಾಹೋಸ್ ನಗರಕ್ಕೆ ಮುತ್ತಿಗೆ ಹಾಕಿ, ಬಿಸಿಲಿಗೂ ವ್ಯಾಧಿಗೂ ಸಾವಿರಾರು ಆಳುಗಳನ್ನು ಬಲಿಗೊಟ್ಟು ಹಿಂದೆಗೆದರು. ಅವರ ಬೆನ್ನಟ್ಟಿ ಬಂದ ಸ್ಪೇನಿನ ಪ್ರಧಾನಮಂತ್ರಿ ಲೂಯಿಸ್ ದ ಹಾರೊ ಎಲ್ವಾಸನ್ನು ಸುತ್ತುಗಟ್ಟಿದನು. ಕೋಟೆಯೊಳಗೆ ಸಾಂಕ್ರಾಮಿಕ ವ್ಯಾಧಿ ಹಬ್ಬಿ, ದಂಡನಾಯಕ ಸಾಂಚೊ ಮಾನುಯೆಲನ ಕಾವಲುಪಡೆಯು ದಿನದಿನಕ್ಕೆ ಕರಗಿತು. ಎಲ್ವಾಸ್ ಹೋದರೆ ಲಿಸ್ಬನ್ನಿನವರೆಗೆ ಬಯಲು. ರಾಣಿಯು ಸೋತ ಸೇನಾಪತಿಯನ್ನು ತೆಗೆದು, ಕಾಂತನ್ಯೇದೆಯ ಕೌಂಟನನ್ನು ನಿಯಮಿಸಿ, ರೈತರನ್ನೂ ಅಳಿದುಳಿದ ಪಡೆಗಳನ್ನೂ ಸೇರಿಸಿ ಹತ್ತು ಹನ್ನೊಂದು ಸಾವಿರ ಆಳುಗಳನ್ನು ಕೂಡಿಸಿ ಕಳುಹಿಸಿಕೊಟ್ಟಳು. 1659ರ ಜನವರಿ 14ರಂದು, ಮಂಜು ಕವಿದ ಬೆಳಗಿನಲ್ಲಿ ಅವರು ಸ್ಪೇನಿನ ಕಂದಕಗಳ ಮೇಲೆ ಎರಗಿದರು. ಹಾರೊ ತನ್ನ ಬೀಡನ್ನೂ ಫಿರಂಗಿಗಳನ್ನೂ ಕಾಗದಪತ್ರಗಳನ್ನೂ ಬಿಟ್ಟು ಬಾದಾಹೋಸಿಗೆ ಓಡಿದನು.

ಗೆಲವಿನ ಸಂತೋಷವು ಹತ್ತು ತಿಂಗಳು ಕೂಡ ಉಳಿಯಲಿಲ್ಲ. ರಣರಂಗದಲ್ಲಿ ಸೋತ ಅದೇ ಹಾರೊ, ಫ್ರಾನ್ಸಿನ ಮಂತ್ರಿ ಮಜರಿನನೊಡನೆ ಪಿರನೀಸ್ ಪರ್ವತದ ಕೆಳಗಿನ ಒಂದು ನದೀದ್ವೀಪದಲ್ಲಿ ಕುಳಿತು, ಆ ವರ್ಷದ ನವೆಂಬರಿನಲ್ಲಿ ಸಂಧಿ ಮಾಡಿಕೊಂಡನು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಸ್ಪೇನಿನ ರಾಜಪುತ್ರಿಯನ್ನು ಕೊಡತಕ್ಕದ್ದು; ಫ್ರಾನ್ಸು ಪೋರ್ಚುಗಲ್ಲಿಗೆ ಯಾವ ನೆರವನ್ನೂ ಕೊಡತಕ್ಕದ್ದಲ್ಲ. ತನ್ನ ಕ್ಯಾಥರೀನಳನ್ನು ಲೂಯಿಗೆ ಕೊಡಬೇಕೆಂದು ಲುಯಿಸಾ ಬಹುದಿನದಿಂದ ಹವಣಿಸಿದ್ದಳು. ಆ ಬಾಗಿಲೂ ಮುಚ್ಚಿತು. ಇಪ್ಪತ್ತು ವರ್ಷಗಳ ಮಿತ್ರನು ಒಂದು ಮದುವೆಗಾಗಿ ತನ್ನನ್ನು ಮಾರಿಬಿಟ್ಟನೆಂದು ಆಕೆಯು ದುಃಖಿಸಿದ್ದರೆ ಅದು ಸಹಜ. ಆದರೆ ಆಕೆಯು ಮಾಡಿದುದು ಅದೇ ವಿದ್ಯೆಯನ್ನು ತಾನೂ ಪ್ರಯೋಗಿಸಿದುದು. ಮಜರಿನನು ಬಹಿರಂಗವಾಗಿ ಕೊಟ್ಟ ಮಾತನ್ನು ಗುಟ್ಟಾಗಿ ಸಡಿಲಿಸುವ ಸ್ವಭಾವದವನಾದುದರಿಂದ, ಷಾಂಬರ್ಗ್ ಎಂಬ ಅನುಭವಶಾಲಿಯಾದ ಸೇನಾನಿಯು ಕೆಲವು ಮಂದಿ ಅಧಿಕಾರಿಗಳೊಡನೆ 1660ರಲ್ಲಿ ಲಿಸ್ಬನ್ನಿಗೆ ಬಂದು ಸೇರಿದನು. ಉಳಿದ ಬಲಕ್ಕಾಗಿ ರಾಣಿಯು ಇಂಗ್ಲೆಂಡಿನ ಕಡೆಗೆ ತಿರುಗಿದಳು.

ಇಂಗ್ಲೆಂಡಿನ ದೊರೆ ಬೊಂಬಾಯಿಯನ್ನು ಬಳುವಳಿಯಾಗಿ ಪಡೆದನೆಂಬ ಮಾತನ್ನು ನಮ್ಮ ಶಾಲೆಗಳ ಹುಡುಗರೆಲ್ಲರೂ ಬಾಯಿಪಾಠ ಮಾಡಿದ್ದಾರೆ. ಅದರಲ್ಲಿ ಮದುಮಗನ ಹೆಸರುಂಟು, ಮದುಮಗಳ ಹೆಸರುಂಟು. ಬಳುವಳಿಯನ್ನು ಕೊಟ್ಟವಳ ಹೆಸರಿಲ್ಲ. ಎರಡನೆಯ ಚಾರ್ಲ್ಸನು ಹನ್ನೊಂದು ವರ್ಷಗಳ ವನವಾಸವನ್ನು ಮುಗಿಸಿ 1660ರಲ್ಲಿ ಸಿಂಹಾಸನವೇರಿದಾಗ, ಆತನ ಬೊಕ್ಕಸವು ಬರಿದಾಗಿಯೂ ಸಾಲವು ತುಂಬಿಯೂ ಇದ್ದುವು. ಲುಯಿಸಾಳ ರಾಯಭಾರಿ ಫ್ರಾನ್ಸಿಸ್ಕೊ ದ ಮೆಲೊ ಆತನ ಮುಂದಿಟ್ಟ ಪಟ್ಟಿಯನ್ನು ನೋಡಿರಿ: ಇಪ್ಪತ್ತು ಲಕ್ಷ ಕ್ರುಸಾದೊ ನಾಣ್ಯಗಳು, ಆಫ್ರಿಕೆಯ ಉತ್ತರತುದಿಯ ಟ್ಯಾಂಜಿಯರ್ ಪಟ್ಟಣ, ಬೊಂಬಾಯಿಯ ದ್ವೀಪ, ಬ್ರೆಜಿಲ್ಲಿನಲ್ಲಿಯೂ ಭಾರತದ ಪೋರ್ಚುಗೀಸ್ ರೇವುಗಳಲ್ಲಿಯೂ ಇಂಗ್ಲಿಷ್ ವರ್ತಕರಿಗೆ ವ್ಯಾಪಾರದ ಹಕ್ಕು. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡು ಕಾಲಾಳುಗಳನ್ನೂ ಕುದುರೆಯ ಸವಾರರನ್ನೂ ಹಡಗುಗಳನ್ನೂ ಕಳುಹಿಸಿ ಪೋರ್ಚುಗಲ್ಲನ್ನು ಕಾಯತಕ್ಕದ್ದು. ಸ್ಪೇನಿನ ರಾಯಭಾರಿಯು ಲಂಡನ್ನಿನಲ್ಲಿ ಮೇಲೆಕೆಳಗಾಗಿ ಹಾರಾಡಿದನು. ಪಾರ್ಮಾದ ರಾಜಕುಮಾರಿಯರನ್ನು ಸೂಚಿಸಿ, ಅವರಿಗೆ ತನ್ನ ದೊರೆಯೇ ಸ್ವಂತ ಮಗಳಿಗೆ ಕೊಡುವಷ್ಟು ಧನವನ್ನು ಕೊಡುವನೆಂದನು. ಆದರೆ 1661ರ ಜೂನ್ 23ರಂದು ಒಪ್ಪಂದಕ್ಕೆ ಮುದ್ರೆ ಬಿದ್ದಿತು. ಅದರಲ್ಲಿ ಗುಟ್ಟಾದ ವಿಧಿಯೊಂದು: ಭಾರತದಲ್ಲಿ ಪೋರ್ಚುಗೀಸರ ಸ್ಥಳಗಳನ್ನು ಡಚ್ಚರಿಂದ ಕಾಪಾಡುವ ಹೊಣೆಯು ಇಂಗ್ಲೆಂಡಿನದು.

ಇಪ್ಪತ್ತು ಲಕ್ಷವೆಂಬುದು ಯುದ್ಧದಿಂದ ಬಡವಾದ ಪುಟ್ಟ ರಾಜ್ಯಕ್ಕೆ ಹೊರಲಾಗದ ಹೊರೆ. ಮಾರಾಟದ ಮೇಲಿನ ತೆರಿಗೆಯು ಇಮ್ಮಡಿಯಾಯಿತು. ಅಷ್ಟಾದರೂ ಮದುಮಗಳನ್ನು ಕರೆದೊಯ್ಯಲು ಬಂದ ಸ್ಯಾಂಡ್‌ವಿಚ್ಚಿನ ಅರ್ಲನ ಹಡಗಿಗೆ ನಾಣ್ಯದ ಪೆಟ್ಟಿಗೆಗಳಿಗೆ ಬದಲಾಗಿ ಏರಿದುದು ಬಹುಮಟ್ಟಿಗೆ ಸಕ್ಕರೆ, ಒಡವೆ, ಹುಂಡಿಗಳು, ಅದೂ ಅರ್ಧಭಾಗಕ್ಕೆ ಮಾತ್ರ; ಉಳಿದ ಅರ್ಧದ ಬಾಕಿಯು ಬಹುವರ್ಷಗಳ ತನಕ ಎರಡು ಆಸ್ಥಾನಗಳ ನಡುವೆ ಕಿರುಕುಳವಾಗಿ ಉಳಿಯಿತು. ಹೆಣ್ಣು ಹಡಗೇರಿದ ಮೇಲೆ ವರನ ಕಡೆಯವರು ಹಿಂತಿರುಗುವಂತಿಲ್ಲವೆಂಬುದನ್ನು ಬಲ್ಲ ತಾಯಿಯು ಆಕೆ. 1662ರ ಏಪ್ರಿಲಿನಲ್ಲಿ ಮಗಳು ಲಿಸ್ಬನ್ನನ್ನು ಬಿಟ್ಟಳು. ತಾಯಿ ಮಗಳು ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಡಚ್ಚರೊಡನೆಯೂ ಇದೇ ನೀತಿ. 1661ರ ಆಗಸ್ಟಿನಲ್ಲಿ ಹೇಗ್ ನಗರದಲ್ಲಾದ ಒಪ್ಪಂದದಂತೆ ಬ್ರೆಜಿಲ್ಲಿನ ಮೇಲಿನ ಹಕ್ಕನ್ನು ಡಚ್ಚರು ಬಿಟ್ಟುಕೊಟ್ಟರು. ಅದಕ್ಕೆ ಪರಿಹಾರವಾಗಿ ಪೋರ್ಚುಗಲ್ ನಲವತ್ತು ಲಕ್ಷ ಕ್ರುಸಾದೊಗಳನ್ನು ಕಂತುಗಳಲ್ಲಿ ಕೊಡಬೇಕಾಯಿತು. ಇದನ್ನು ಅವಮಾನವೆಂದು ಹಳಿದವರುಂಟು. ತಮ್ಮವರು ರಕ್ತ ಸುರಿಸಿ ಗೆದ್ದ ನೆಲಕ್ಕೆ ಮತ್ತೆ ಹಣವನ್ನೇಕೆ ಕೊಡಬೇಕೆಂಬುದು ಅವರ ಪ್ರಶ್ನೆ. ಬ್ರೆಜಿಲ್ಲಿನ ಸಕ್ಕರೆಯೊಂದೇ ಲಿಸ್ಬನ್ನಿಗೆ ಉಳಿದಿದ್ದ ಜೀವನಾಡಿಯೆಂಬುದನ್ನೂ, ಎರಡು ಶತ್ರುಗಳೊಡನೆ ಏಕಕಾಲದಲ್ಲಿ ಕಾದುವ ಶಕ್ತಿ ಆ ರಾಜ್ಯಕ್ಕಿರಲಿಲ್ಲವೆಂಬುದನ್ನೂ ನೆನೆದರೆ, ಆ ನಲವತ್ತು ಲಕ್ಷವು ಅಗ್ಗವೆಂದೇ ಹೇಳಬೇಕು.

ಆದರೆ ಲಿಸ್ಬನ್ನಿನಲ್ಲಿ ಅಗ್ಗವಾಗಿ ತೋರಿದುದರ ಬೆಲೆಯನ್ನು ತೆತ್ತವರು ಪಶ್ಚಿಮ ಕರಾವಳಿಯ ಪೋರ್ಚುಗೀಸರು. ಒಪ್ಪಂದವು ಬರೆದಾಗಿದ್ದರೂ ಅದು ಜಾರಿಗೆ ಬರುವ ಮುನ್ನವೇ ಕೈಲಾದುದನ್ನೆಲ್ಲ ದೋಚಿಕೊಳ್ಳಬೇಕೆಂದು ಡಚ್ಚರು 1663ರ ಜನವರಿಯಲ್ಲಿ ಕೊಚ್ಚಿಯನ್ನೂ ಮರುತಿಂಗಳು ಕಣ್ಣಾನೂರನ್ನೂ ಹಿಡಿದರು. ಕಾಪಾಡುವೆನೆಂದು ಗುಟ್ಟಾಗಿ ಮಾತುಕೊಟ್ಟ ಇಂಗ್ಲಿಷರು ಬೆರಳನ್ನೂ ಅಲುಗಿಸಲಿಲ್ಲ. ಬೊಂಬಾಯಿಯ ಹಸ್ತಾಂತರದ ಕಥೆಯಂತೂ ಕಣ್ಣೀರು ನಗೆ ಎರಡಕ್ಕೂ ಎಡೆಗೊಡುವಂಥದು. ದ್ವೀಪವನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಷಿಪ್‌ಮನ್ ಎಂಬವನು ಸುಮಾರು 400 ಸಿಪಾಯಿಗಳೊಡನೆ ಬಂದನು. ಅದನ್ನು ಒಪ್ಪಿಸಬೇಕಾದ ಹೊಸ ವೈಸರಾಯ್ ಆಂತೋನಿಯೊ ದ ಮೆಲೊ ಇ ಕಾಸ್ತ್ರೊ ಕೂಡ ಅದೇ ಇಂಗ್ಲಿಷ್ ನೌಕಾಪಡೆಯೊಡನೆ 1662ರಲ್ಲಿ ಬಂದಿಳಿದನು. ಇಳಿದ ಮೇಲೆ ಆ ಸ್ಥಳವನ್ನೂ ಅದರ ಬಂದರನ್ನೂ ಕಣ್ಣಾರೆ ಕಂಡು ವೈಸರಾಯನ ಮನಸ್ಸು ತಿರುಗಿತು. ಅಧಿಕಾರಪತ್ರಗಳು ಕ್ರಮವಾಗಿಲ್ಲವೆಂಬ ತಗಾದೆ ತೆಗೆದು ದ್ವೀಪವನ್ನು ಕೊಡಲೊಲ್ಲೆನೆಂದನು. ಇಳಿಯಲು ನೆಲವಿಲ್ಲದ ಇಂಗ್ಲಿಷರು ಕೊನೆಗೆ ಸೇರಿಕೊಂಡುದು ನಮ್ಮ ಕಾರವಾರದ ಎದುರಿಗಿರುವ ಅಂಜದೀವ ಎಂಬ ಪುಟ್ಟ ದ್ವೀಪವನ್ನು. ಅಲ್ಲಿಯ ಮಳೆ, ಜ್ವರ, ಅನ್ನದ ಅಭಾವಗಳಿಗೆ ಸಿಕ್ಕಿ ಷಿಪ್‌ಮನ್ನನೂ ಆತನ ಆಳುಗಳಲ್ಲಿ ಬಹುಪಾಲು ಮಂದಿಯೂ ಸತ್ತರು. ಉಳಿದ ನೂರರಷ್ಟು ಮಂದಿಯನ್ನು ಕರೆದುಕೊಂಡು ಹಂಫ್ರಿ ಕುಕ್ ಎಂಬವನು 1665ರ ಫೆಬ್ರವರಿಯಲ್ಲಿ ಬೊಂಬಾಯಿಯನ್ನು ಪಡೆದನು. ಹಸ್ತಾಂತರವು ನಡೆದುದು ಆ ದ್ವೀಪದ ಒಡತಿಯಾಗಿದ್ದ ದೋನಾ ಇನೆಸ್ ದ ಮಿರಾಂಡಾ ಎಂಬ ವಿಧವೆಯ ಮನೆಯಲ್ಲಿ. ಇಂಗ್ಲಿಷರು ಬೊಂಬಾಯಿಯಲ್ಲಿ ನೆಲೆನಿಂತ ದಿನವೇ ಭಾರತವು ನಮ್ಮ ಕೈ ತಪ್ಪುವುದೆಂಬರ್ಥದ ಮಾತನ್ನು ವೈಸರಾಯನು ಅದೇ ವರ್ಷ ತನ್ನ ದೊರೆಗೆ ಬರೆದು ಕಳುಹಿಸಿದನು. ಮೂರು ವರ್ಷಗಳ ಮೇಲೆ ಚಾರ್ಲ್ಸನು ಅದನ್ನು ವರ್ಷಕ್ಕೆ 10 ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ವಹಿಸಿದನು.

ವೈಸರಾಯನ ದೂರದೃಷ್ಟಿಯನ್ನು ಹೊಗಳಿ ರಾಣಿಯ ಅಜ್ಞಾನವನ್ನು ನಿಂದಿಸುವುದು ಸುಲಭ. ಆಕೆಯು ಬೊಂಬಾಯಿಯನ್ನು ಕಂಡವಳಲ್ಲ, ಕೊಚ್ಚಿಯನ್ನೂ ಕಂಡವಳಲ್ಲ. ಆದರೆ ಎಲ್ವಾಸನ್ನು ಕಂಡಿದ್ದಳು. ಗೋವೆಯಲ್ಲಿ ಕುಳಿತವನಿಗೆ ರಾಜ್ಯವೆಂದರೆ ಸಮುದ್ರದ ರೇವುಗಳ ಮಾಲೆ. ಲಿಸ್ಬನ್ನಿನ ಅರಮನೆಯಲ್ಲಿ ಇರುಳು ಸಭೆ ಸೇರಿಸುವವಳಿಗೆ ರಾಜ್ಯವೆಂದರೆ ನಾಲ್ಕೈದು ದಿನಗಳ ಪಯಣದ ದೂರದಲ್ಲಿ ಶತ್ರುವಿನ ಸೇನೆ ನಿಂತಿರುವ ಒಂದು ಬಯಲು. ರಾಜಪ್ರತಿನಿಧಿಯು ಅನ್ಯರ ಸ್ವತ್ತನ್ನು ನ್ಯಾಸವಾಗಿ ಇರಿಸಿಕೊಂಡವನೆಂದೂ, ಅದರ ಎಳ್ಳಷ್ಟು ಭಾಗವನ್ನೂ ಪರಭಾರೆ ಮಾಡತಕ್ಕವನಲ್ಲವೆಂದೂ ಧರ್ಮಜ್ಞರು ಹೇಳಬಹುದು. ಮನೆಗೆ ಬೆಂಕಿ ಬಿದ್ದಾಗ ಚಾವಡಿಯ ಸೂರನ್ನು ಕಿತ್ತೆಸೆದು ನಡುಮನೆಯನ್ನು ಉಳಿಸುವವನಿಗೆ ಆ ಧರ್ಮವು ಅನ್ವಯಿಸುವುದಿಲ್ಲ. ಲುಯಿಸಾ ಏನೇನನ್ನು ಕೊಟ್ಟಳೋ ಅದರಲ್ಲಿ ಆಕೆಗೆ ನಿಜವಾಗಿ ನೋವಾದುದು ಬಹುಶಃ ಮಗಳೊಬ್ಬಳೇ.

ಇತ್ತ ಮನೆಯಲ್ಲಿ ಅಫೋನ್ಸೊ ಬೆಳೆದು ನಿಂತಿದ್ದನು. ಅರಮನೆಯ ಅಂಗಳದ ಅಂಗಡಿಗಳಲ್ಲಿ ಲಾಡಿ, ಗುಂಡಿಗಳನ್ನು ಮಾರುತ್ತಿದ್ದ ಇಟಲಿ ಮೂಲದ ಆಂತೋನಿಯೊ ಕಾಂತಿ ಎಂಬವನು ಎಳೆಯ ದೊರೆಗೆ ಆಟಿಕೆಗಳನ್ನು ಕೊಟ್ಟು, ನಾಯಿಗಳ ಕಾಳಗವನ್ನು ತೋರಿಸಿ ಸಲಿಗೆ ಬೆಳೆಸಿಕೊಂಡು, ಕಡೆಗೆ ಅರಮನೆಯೊಳಗೇ ಬಿಡಾರ ಹೂಡಿದನು. ಇರುಳಿನಲ್ಲಿ ಪುಂಡರ ಗುಂಪನ್ನು ಕಟ್ಟಿಕೊಂಡು ಲಿಸ್ಬನ್ನಿನ ಬೀದಿಗಳಲ್ಲಿ ಅಲೆದು ದಾರಿಹೋಕರ ಮೇಲೆ ಕೈಮಾಡುವುದು ದೊರೆಯ ವಿನೋದವಾಯಿತು. ಹದಿನಾಲ್ಕು ತುಂಬಿದಾಗಲೇ ಅಧಿಕಾರವನ್ನು ಮಗನಿಗೆ ಒಪ್ಪಿಸಬಹುದಾಗಿದ್ದಿತು, ತಾಯಿ ಒಪ್ಪಿಸಲಿಲ್ಲ. ಇದನ್ನು ಅಧಿಕಾರದ ಆಸೆಯೆಂದು ವಿರೋಧಿಗಳು ಆಡಿಕೊಂಡರು. ಆಸೆಯೂ ಸ್ವಲ್ಪ ಇದ್ದಿರಬಹುದು. ಅಧಿಕಾರವನ್ನು ಅಷ್ಟು ದಕ್ಷತೆಯಿಂದ ನಡೆಸುವವರಿಗೆ ಅದರಲ್ಲಿ ರುಚಿಯಿಲ್ಲವೆಂದು ನಾನು ನಂಬಲಾರೆ. ಮಗಳನ್ನು ಕಳುಹಿಸಿದ ಎರಡು ತಿಂಗಳಿಗೆ, 1662ರ ಜೂನಿನಲ್ಲಿ, ರಾಣಿಯು ಕಾಂತಿಯನ್ನೂ ಆತನ ಸಂಗಡಿಗರನ್ನೂ ಹಿಡಿಸಿ ಬ್ರೆಜಿಲ್ಲಿಗೆ ಹೋಗುವ ಹಡಗಿಗೆ ಹತ್ತಿಸಿದಳು; ಅದೇ ಹೊತ್ತಿನಲ್ಲಿ, ಕೂಡಿದ ಕುಲೀನರ ಸಮಕ್ಷದಲ್ಲಿ, ದೊರೆಯ ನಡತೆಯ ದೋಷಗಳನ್ನೆಲ್ಲ ವಿವರಿಸಿದ ಪತ್ರವೊಂದನ್ನು ಕಾರ್ಯದರ್ಶಿಯಿಂದ ಆತನ ಇದಿರಿನಲ್ಲಿಯೇ ಓದಿಸಿದಳು.

ಆಕೆಯ ಆಡಳಿತದಲ್ಲಿ ನಾನು ಕಾಣುವ ದೊಡ್ಡ ತಪ್ಪು ಇದು. ಮಂತ್ರಿಗಳ ಮನಸ್ಸನ್ನೂ ಪರರಾಜರ ಲೋಭವನ್ನೂ ಅಳೆದು ನಡೆದವಳು ಹದಿನೆಂಟರ ಯುವಕನ ಅಭಿಮಾನವನ್ನು ಅಳೆಯಲಿಲ್ಲ. ನಾಲ್ಕಾರು ದಿನಗಳಲ್ಲಿಯೇ ಕಾಸ್ತೆಲೊ ಮೆಲ್ಯೋರಿನ ಕೌಂಟನೆಂಬ ಜಾಣನಾದ ತರುಣನು, ಇನ್ನಿಬ್ಬರನ್ನು ಕೂಡಿಕೊಂಡು, ದೊರೆಯನ್ನು ನಗರದಾಚೆಯ ಅಲ್ಕಾಂತರಾ ಅರಮನೆಗೆ ಕರೆದೊಯ್ದು, ಆತನು ಪ್ರಾಯಕ್ಕೆ ಬಂದಿರುವನೆಂದೂ ಇನ್ನು ಮುಂದೆ ತಾನೇ ಆಳುವನೆಂದೂ ಸಾರಿಸಿದನು. ಕುಲೀನರು ಸಾಲಾಗಿ ಅಲ್ಲಿಗೆ ಹೋಗಿ ಕೈಮುಗಿದರು. ಜೂನ್ 23ರಂದು, ಇಂಗ್ಲೆಂಡಿನ ಒಪ್ಪಂದವಾಗಿ ಸುಮಾರು ಒಂದು ವರ್ಷಕ್ಕೆ, ಲುಯಿಸಾ ರಾಜಮುದ್ರೆಗಳನ್ನು ಮಗನ ಕೈಗೆ ಒಪ್ಪಿಸಿದಳು. ಕಾದಾಡುವ ಯೋಚನೆಯನ್ನು ಆಕೆಯು ಮಾಡಲಿಲ್ಲ. ಶತ್ರುವು ಗಡಿಯಲ್ಲಿರುವಾಗ ಒಳಜಗಳಕ್ಕೆ ಎಡೆಗೊಡುವಷ್ಟು ಅವಿವೇಕ ಆಕೆಯಲ್ಲಿರಲಿಲ್ಲ. ಆಕೆಗೆ ಆಪ್ತನಾಗಿದ್ದ ಸುಪ್ರಸಿದ್ಧ ಜೆಸುವಿಟ್ ವಾಗ್ಮಿ ಆಂತೋನಿಯೊ ವಿಯೆರಾನನ್ನು ಹೊಸಬರು ಪೋರ್ತೊ ನಗರಕ್ಕೆ ಅಟ್ಟಿದರು. ಮರುವರ್ಷದ ಮಾರ್ಚಿನಲ್ಲಿ ರಾಣಿಯು ಅರಮನೆಯನ್ನು ತೊರೆದು, ಲಿಸ್ಬನ್ನಿನ ಪೂರ್ವಕ್ಕೆ ಷಾಬ್ರೆಗಾಸ್ ಎಂಬಲ್ಲಿ ತಾನೇ ಸ್ಥಾಪಿಸಿದ ಅಗಸ್ತೀನ್ ಸಂನ್ಯಾಸಿನಿಯರ ಮಠವನ್ನು ಸೇರಿಕೊಂಡಳು.

ದೊರೆಯ ಹೆಸರಿನಲ್ಲಿ ನಡೆದ ಕಾಸ್ತೆಲೊ ಮೆಲ್ಯೋರನ ಆಡಳಿತವು ಪೋರ್ಚುಗಲ್ಲಿನ ಚರಿತ್ರೆಯಲ್ಲಿ ವಿಜಯಕಾಲವೆಂದು ಹೆಸರಾಗಿದೆ; ಆತನ ಸಾಮರ್ಥ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ 1663ರಲ್ಲಿ ಆಮೈಷಿಯಲ್ ಕಾಳಗವನ್ನು ಗೆದ್ದ ಸಾಂಚೊ ಮಾನುಯೆಲನು ಎಲ್ವಾಸನ್ನು ಕಾಯ್ದವನೇ. ಅಲ್ಲಿ ಗುಡ್ಡವನ್ನೇರಿ ಹೋದ ಇಂಗ್ಲಿಷ್ ಪದಾತಿಗಳು ಕ್ಯಾಥರೀನಳ ಮದುವೆಯ ಒಪ್ಪಂದದಿಂದ ಬಂದವರು. ಅವರನ್ನು ನಡೆಸಿದ ಯುದ್ಧವಿದ್ಯೆ ಷಾಂಬರ್ಗನದು. 1665ರ ಜೂನ್ 17ರಂದು ಮೊಂತೆಸ್ ಕ್ಲಾರೊಸ್ ಎಂಬಲ್ಲಿ ಸ್ಪೇನಿನ ಕೊನೆಯ ದೊಡ್ಡ ಸೇನೆಯನ್ನು ಮುರಿದ ಮರಿಯಾಲ್ವಾದ ಮಾರ್ಕ್ವಿಸನು, ರಾಣಿಯು ಎಲ್ವಾಸಿಗೆ ಕಳುಹಿಸಿದ ಕಾಂತನ್ಯೇದೆಯ ಕೌಂಟನೇ. ಬಿರುದು ಮಾತ್ರ ಹೊಸದು. ಈ ಸುದ್ದಿಯು ಮಠವನ್ನು ಮುಟ್ಟಿದಾಗ ಲುಯಿಸಾ ಬದುಕಿದ್ದಳು. 1666ರ ಫೆಬ್ರವರಿ 27ರಂದು ತೀರಿಕೊಂಡಳು. ಸ್ಪೇನು ಪೋರ್ಚುಗಲ್ಲಿನ ಸ್ವಾತಂತ್ರ್ಯವನ್ನು ಒಪ್ಪಿ ಸಂಧಿಪತ್ರಕ್ಕೆ ಸಹಿಮಾಡಿದುದು ಅದಕ್ಕೆ ಎರಡು ವರ್ಷಗಳ ಮೇಲೆ, 1668ರ ಫೆಬ್ರವರಿಯಲ್ಲಿ. ಆ ಹೊತ್ತಿಗೆ ತಮ್ಮನಾದ ಪೆದ್ರೊ ಅಣ್ಣನನ್ನು ಅಧಿಕಾರದಿಂದ ಇಳಿಸಿಯಾಗಿದ್ದಿತು. ಅಫೋನ್ಸೊ ದೂರದ ತೆರ್ಸೇರಾ ದ್ವೀಪದಲ್ಲಿಯೂ ಆಮೇಲೆ ಸಿಂತ್ರಾ ಅರಮನೆಯ ಒಂದು ಕೋಣೆಯಲ್ಲಿಯೂ ಬಂದಿಯಾಗಿ ಬಾಳಿ 1683ರಲ್ಲಿ ಸತ್ತನು. ಮಗನು ಆಳಲಾರನೆಂಬ ತಾಯಿಯ ತೀರ್ಮಾನವನ್ನು ಆಕೆಯ ವಿರೋಧಿಗಳೂ ಕಡೆಗೆ ಒಪ್ಪಬೇಕಾಯಿತು.

ಇನ್ನೊಬ್ಬಳ ಸಂಗತಿಯನ್ನು ಹೇಳಬೇಕಾಗಿದೆ. ಕ್ಯಾಥರೀನ್ ಇಂಗ್ಲೆಂಡಿನಲ್ಲಿ ಮಕ್ಕಳಿಲ್ಲದೆ, ಗಂಡನ ಪ್ರೇಯಸಿಯರ ನಡುವೆ, ಪರಧರ್ಮದವಳೆಂಬ ಹಗೆಯನ್ನು ಸಹಿಸುತ್ತ ಮೂವತ್ತು ವರ್ಷ ಕಳೆದು, ಆ ನಡುವೆ 1685ರಲ್ಲಿ ವಿಧವೆಯಾಗಿ, 1693ರಲ್ಲಿ ಲಿಸ್ಬನ್ನಿಗೆ ಮರಳಿದಳು. ಆಕೆಯು ಹೋಗುವಾಗ ಹದಿನಾಲ್ಕರ ಬಾಲಕನಾಗಿದ್ದ ಪೆದ್ರೊ ಈಗ ದೊರೆಯಾಗಿದ್ದನು. ಸ್ಪೇನಿನ ಉತ್ತರಾಧಿಕಾರದ ಯುದ್ಧದಲ್ಲಿ ಆತನು ಇಂಗ್ಲಿಷರ ಪಕ್ಷವನ್ನು ಹಿಡಿದು, ಗಡಿಗೆ ಹೋಗಿ, ಆರೋಗ್ಯವನ್ನು ಕೆಡಿಸಿಕೊಂಡಾಗ, ರಾಜಪ್ರತಿನಿಧಿಯಾಗಿ ಆಡಳಿತವನ್ನು ವಹಿಸಿಕೊಂಡವಳು ಅಕ್ಕನೇ. 1705ರಲ್ಲಿ ಆಕೆಯ ಅಧಿಕಾರದಲ್ಲಿ ಪೋರ್ಚುಗೀಸರು ಗಡಿ ದಾಟಿ, ವಲೆನ್ಸಿಯಾ ದ ಅಲ್ಕಾಂತರಾವನ್ನೂ ಆಲ್ಬುಕರ್ಕ್ ಎಂಬ ಕೋಟೆಯನ್ನೂ ಗೆದ್ದುಕೊಂಡರು. ಅದೇ ವರ್ಷದ ಡಿಸೆಂಬರ್ 31ರಂದು ಆಕೆಯು ತೀರಿಕೊಳ್ಳುವವರೆಗೆ, ಇಂಗ್ಲೆಂಡಿನ ರಾಣಿಯಾಗಿದ್ದಾಗ ಯಾರೂ ಆಕೆಯಿಂದ ಕೇಳದ ಸಲಹೆಯನ್ನು ಲಿಸ್ಬನ್ನಿನ ಮಂತ್ರಿಗಳು ಕೇಳಿ ನಡೆದರು.